ಬಾಣಂತಿಯ ಕ್ಯಾಪ್ಸೂಲು, ಅತ್ತೆಯ ತೇಗು

ನಿನ್ನೆ ಸಂಜೆ ನಮ್ಮ ಬಿಲ್ಡಿಂಗಿನ ಲಿಫ್ಟಿನ ತುಂಬ ಮೆಂತ್ಯ, ತುಪ್ಪ, ಹುರಿದ ಅಂಟಿನ ವಾಸನೆ. ಯಾವುದೋ ಮನೆಯಲ್ಲಿ ಬಾಣಂತಿ ಇದ್ದಾಳೆ. ಪಾಪ, ಅಂದುಕೊಂಡೆ. ಮಗುವಾದ ಮನೆಗೆ ಪಾಪ ಅನ್ನುವ ಇವಳೆಂಥ ಹೆಂಗಸು ಎಂದು ನಿಮಗನ್ನಿಸಿದರೆ ಒಂದು ನಿಮಿಷ ಕೂತುಕೊಳ್ಳಿ, ಹೇಳುತ್ತೇನೆ.

ನಾನು ಮೈಸೂರಿನವಳು, ಅತ್ತೆ ಉಡುಪಿಯವರು, ಮನೆ ಮುಂಬೈ ಪಕ್ಕದ ಡೊಂಬಿವಲಿ. ಮಗಳು ಹುಟ್ಟಿದ ಮೇಲೆ ನನಗೆ ಅಳು ಶುರುವಾಯಿತು. ಸ್ನಾನಕ್ಕೆ ಹೋದರೆ ಅಳು, ಅನ್ನ ಕಂಡರೆ ಅಳು, ಕುಕ್ಕರ್ ಕೂಗಿದರೆ ಅದರ ಜೊತೆ ನಾನೂ. ಮಗುವನ್ನು ಎತ್ತಿಕೊಂಡರೆ, ಲೋಕಲ್ ಟ್ರೇನಿನಲ್ಲಿ ಯಾರೋ "ಸ್ವಲ್ಪ ಹಿಡ್ಕೊಳ್ಳಿ" ಎಂದು ಕೊಟ್ಟು ಇಳಿದುಹೋದ ಹಾಗೆ. ಹೆತ್ತವಳು ಇದನ್ನು ಬಾಯಿಬಿಟ್ಟು ಹೇಳುವುದುಂಟೇ?

ಬಾಣಂತಿ ಅತ್ತರೆ ಮೈಯಲ್ಲಿ ಶಕ್ತಿಯಿಲ್ಲ ಎಂದೇ ನಮ್ಮವರ ತೀರ್ಮಾನ. ಅತ್ತೆ ಲೇಹ ಕಾಯಿಸಿದರು. ಪಕ್ಕದ ಮನೆಯ ಮರಾಠಿ ಕಾಕು ಅಂಟಿನ ಲಾಡು ತಂದರು. ನನ್ನ ಗಂಡ ಆನ್‌ಲೈನಿನಲ್ಲಿ ಒಮೆಗಾ ಕ್ಯಾಪ್ಸೂಲು ತರಿಸಿ, "ಇದ್ರಿಂದ ಮೂಡ್ ಸರಿ ಆಗ್ತದಂತೆ, ರಿವ್ಯೂ ಓದಿದ್ದೇನೆ" ಅಂದ. ಒಂದು ಬೆಳಿಗ್ಗೆ ನಾನು ಅಳದೆ ದೋಸೆ ತಿಂದೆ. "ಕಂಡಿಯಾ ಲೇಹದ ಗುಣ?" ಅಂದರು ಅತ್ತೆ. "ಮಾಝಾ ಲಾಡು!" ನನ್ನ ಲಾಡಿನ ಗುಣ, ಅಂದರು ಕಾಕು. ಗಂಡ ಇನ್ನೆರಡು ಡಬ್ಬಿ ಆರ್ಡರ್ ಮಾಡಿದ. ಸಂಜೆ ನಾನು ಮತ್ತೆ ಅತ್ತಾಗ ಮೂವರಿಗೂ ನನ್ನ ಮೇಲೆ ಬೇಸರ.

ಆ ಕ್ಯಾಪ್ಸೂಲು ನನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. "ವೇಸ್ಟ್ ಯಾಕೆ ಮಾಡುದು ಮಾರಾಯ್ತಿ, ನನ್ನ ಮೊಣಗಂಟಿಗಾದ್ರೂ ಆಗ್ಲಿ" ಎಂದು ಅತ್ತೆಯೇ ದಿನಾ ಪೂಜೆ ಮುಗಿಸಿ ನುಂಗತೊಡಗಿದರು. ಈರುಳ್ಳಿಯನ್ನೂ ಮುಟ್ಟದ ಮಡಿಯವರು! ಸ್ವಲ್ಪ ದಿನದಲ್ಲೇ ಮನೆಯಲ್ಲಿ ಮೀನಿನ ವಾಸನೆ. "ಈ ಕಾಕು ಏಕಾದಶಿ ದಿನವೂ ಮೀನು ಹುರೀತಾಳಲ್ಲ!" ಎಂದು ಅತ್ತೆ ಸಿಟ್ಟಿನಿಂದ ತೇಗಿದರು. ತೇಗಿದಷ್ಟೂ ವಾಸನೆ ಹೆಚ್ಚಾಯಿತು. ಕಾಕು ಅಂದು ಉಪವಾಸವಿದ್ದು ಸಬ್ಬಕ್ಕಿ ಖಿಚಡಿ ತಿನ್ನುತ್ತಿದ್ದರು. ನನಗೆ ಅನುಮಾನ ಬಂದು ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದಿದೆ.

"ಅತ್ತೆ, ಅದು ಮೀನೆಣ್ಣೆ."

"ಅಯ್ಯೋ ಕೃಷ್ಣಾ!" ಎಂದು ಅವರು ಬೇಸಿನ್ನಿಗೆ ಓಡಿದರು. ನನಗೆ ನಗು ಬಂತು. ಹೆರಿಗೆಯ ನಂತರದ ಮೊದಲ ನಗು. ನಿಲ್ಲಿಸಲಾಗಲಿಲ್ಲ, ನಗುತ್ತ ನಗುತ್ತ ಅದು ಬಿಕ್ಕಿಬಿಕ್ಕಿ ಅಳುವಾಯಿತು, ಒಳಗಿದ್ದದ್ದು ಹೊರಬಿತ್ತು. "ಈ ಮಗು ನನ್ನದು ಅಂತ ಅನ್ಸೋದೇ ಇಲ್ಲ ಅತ್ತೆ. ನಾನಿಲ್ದಿದ್ರೇನೇ ಅದಕ್ಕೆ ಒಳ್ಳೇದೇನೋ."

ಬಾಯಿ ಮುಕ್ಕಳಿಸುತ್ತಿದ್ದ ಅತ್ತೆ ಆ ನೀರನ್ನು ನುಂಗಿಯೇಬಿಟ್ಟರು. ಓಡಿ ಬಂದು ನನ್ನ ಕೈ ಹಿಡಿದರು. "ಇಷ್ಟು ದಿನ ಒಬ್ಳೇ ಇಟ್ಕೊಂಡಿದ್ದಿಯಾ ಮಗಾ?" ಆಮೇಲೆ ಮಗನಿಗೆ, "ಲೇಹವೂ ಬೇಡ, ನಿನ್ನ ಡಬ್ಬಿಯೂ ಬೇಡ. ರಿಕ್ಷಾ ಕರಿ, ಈಗ್ಲೇ ಡಾಕ್ಟರಲ್ಲಿಗೆ ಹೋಗುವ." ಮಡಿ ಕೆಟ್ಟ ಮಾತನ್ನೇ ಅವರು ಎತ್ತಲಿಲ್ಲ.

ರಕ್ತ ಕಡಿಮೆಯಿದೆ, ಅದಕ್ಕೆ ಕಬ್ಬಿಣದ ಮಾತ್ರೆ ಬೇಕು ಅಂದರು ಡಾಕ್ಟರಮ್ಮ. ಅಳು ಮಾತ್ರ ಬೇರೆಯೇ ಕಾಯಿಲೆ, ನಿನ್ನ ತಪ್ಪಲ್ಲ, ಅದಕ್ಕೆ ಬೇರೆ ಚಿಕಿತ್ಸೆ ಇದೆ ಎಂದು ಥಾಣೆಯ ಮನೋವೈದ್ಯರಲ್ಲಿಗೆ ಕಳಿಸಿದರು. ವಾಸಿಯಾಗಲು ತಿಂಗಳುಗಳೇ ಹಿಡಿದವು. ಪ್ರತಿ ಸಲವೂ ಅತ್ತೆ ಜೊತೆಗೆ ಬಂದರು.

ನಿನ್ನೆ ಲಿಫ್ಟಿನಿಂದ ಇಳಿದು ಮನೆಗೆ ಬಂದರೆ ಅದೇ ಮಗಳು ಹೋಮ್‌ವರ್ಕ್ ಬಿಟ್ಟು ಮೊಬೈಲು ಹಿಡಿದು ಕೂತಿದ್ದಳು. ಕಸಿದುಕೊಂಡೆ. "ತೂ ಮೇರಿ ಮಮ್ಮಿ ಹೈ ಹೀ ನಹೀ!" ನೀನು ನನ್ನ ಅಮ್ಮನೇ ಅಲ್ಲ ಎಂದು ಹಿಂದಿಯಲ್ಲಿ ಕಿರುಚಿ ರೂಮಿನ ಬಾಗಿಲು ದಢಾರನೆ ಹಾಕಿಕೊಂಡಳು.

ಎಂಥ ಸಿಟ್ಟು ಬಂತು ಅಂತೀರಿ! ಬಾಗಿಲು ಗುದ್ದುತ್ತ ಇಡೀ ಬಿಲ್ಡಿಂಗಿಗೆ ಕೇಳುವಂತೆ ಕೂಗಿದೆ: "ಮತ್ತೆ ಯಾರ ಮಗಳೇ ನೀನು? ನನ್ನ ಮಗಳು! ನನ್ನವಳೇ ನೀನು, ತೆಗಿ ಬಾಗಿಲು!"