ಲಕ್ಷ್ಮಿದೇವಮ್ಮ ಮೇಡಂ ಅವರ ಶನಿವಾರಗಳು

ಹೊನ್ನವಳ್ಳಿ ಕಡೆಯ ಒಂದು ಪ್ರೌಢಶಾಲೆಯಲ್ಲಿ ಸಮಾಜ ಪಾಠ ಹೇಳುತ್ತಿದ್ದ ಲಕ್ಷ್ಮಿದೇವಮ್ಮನವರಿಗೆ ಶನಿವಾರ ಮಧ್ಯಾಹ್ನದ ಬಸ್ಸು ಸಿಕ್ಕಿದ್ದು ಅಪರೂಪ. ಬೆಳಗಿನ ಶಾಲೆ ಮುಗಿಯುತ್ತಲೇ ಉಳಿದ ಮೇಷ್ಟರುಗಳು ತಿಪಟೂರಿನ ಬಸ್ಸಿಗೆ ಓಡಿದರೆ, ಇವರು ಜಗುಲಿಯಲ್ಲಿ ಎರಡು ಕುರ್ಚಿ ಹಾಕಿಸಿ ಹತ್ತನೇ ತರಗತಿಯ ಮಕ್ಕಳನ್ನು ಒಬ್ಬೊಬ್ಬರಾಗಿ ಕರೆಯುತ್ತಿದ್ದರು. ಎರಡನೇ ಕುರ್ಚಿ ಮಕ್ಕಳಿಗೆ. ಮೇಡಂ ಎದುರಿಗೆ ಸರಿಸಮನಾಗಿ ಕೂರುವುದೆಂದರೆ ಅವಕ್ಕೆ ಮುಜುಗರ. ಕುರ್ಚಿಯ ತುದಿಯಲ್ಲಿ ಒರಗದೆ ಕೂತಿರುತ್ತಿದ್ದವು.

"ಜೂನ್‌ನಲ್ಲಿ ನಿಂಗೆ ಬರ್ದೇ ಇದ್ದಿದ್ದು ಈಗ ಏನು ಬರುತ್ತೆ?" ಎಂದು ಮೊದಲು ಕೇಳುತ್ತಿದ್ದರು.

"ಏನೂ ಇಲ್ಲ ಮೇಡಂ" ಎನ್ನುವುದು ಎಲ್ಲರ ಉತ್ತರ. ಅಲ್ಲಿಗೆ ಅವರು ಬಿಡುತ್ತಿರಲಿಲ್ಲ. ಮೋಟಾರ್ ರಿಪೇರಿ ಮಾಡುವ ಮೆಹಬೂಬ್ ಪಾಷಾ ಅವರ ಮಗ ಆತಿಫ್ ಹೀಗೇ ಏನೂ ಇಲ್ಲ ಎಂದವನು, ಆಮೇಲೆ "ಇಂಗ್ಲಿಷ್ ಓದು ಅಂದ್ರೆ ಈಗ ಮುಂದಿರೋನ ಬೆನ್ನಿಂದೆ ಬಗ್ಗಿ ಅವಿತ್ಕಣಲ್ಲ ಮೇಡಂ" ಎಂದಿದ್ದ. "ಅದೇ ಕಣಪ್ಪ ನಾನು ಕೇಳಿದ್ದು" ಎಂದು ಲಕ್ಷ್ಮಿದೇವಮ್ಮ ನಕ್ಕಿದ್ದರು. ಹತ್ತನೇ ಕ್ಲಾಸು ಮುಗಿದ ಮೇಲೆ ಏನು ಎಂಬ ಮಾತು ಬರುತ್ತಿದ್ದದ್ದು ಅದಾದ ಮೇಲೆ.

ಅವರು ಓದುವಾಗ ಹೀಗೆ ಕೇಳಿದವರಿರಲಿಲ್ಲ. ಸೋದರಮಾವ ತನ್ನ ಮಗಳಿಗೆಂದು ಮೇಷ್ಟರ ತರಬೇತಿಯ ಟಿ.ಸಿ.ಎಚ್. ಅರ್ಜಿ ತರಲು ಹೋದವರು ಇವರಿಗೂ ಒಂದು ತಂದಿದ್ದರು, ಅಷ್ಟೆ. ಆಮೇಲೆ ಬಿ.ಎ., ಬಿ.ಎಡ್. ಎಂದು ಹಾಗೇ ದಾರಿ ಬೆಳೆಯಿತು. ಪಾಠ ಹೇಳುವುದು ಹಿಡಿಸಿತು, ಸರಿ. ಹಿಡಿಸದೆ ಹೋಗಿದ್ದರೆ ಎಂದು ಅವರಿಗೆ ಒಮ್ಮೊಮ್ಮೆ ದಿಗಿಲಾಗುತ್ತಿತ್ತು.

ಎರಡು ಸಾವಿರದ ಮೂರನೇ ಇಸವಿಯ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಇಂಪನಾ ಅವರ ಕಣ್ಣಿಗೆ ಬಿದ್ದಳು. ತೆಂಗಿನ ತೋಟದ ಕಾಡಸಿದ್ದಪ್ಪನವರ ಒಬ್ಬಳೇ ಮಗಳು. ಒಂಬತ್ತನೇ ತರಗತಿವರೆಗೂ ಮೊದಲ ಸಾಲಿನವಳು. ಪರೀಕ್ಷೆ ಮುಗಿಯಲು ಇನ್ನೂ ಬೇಕಾದಷ್ಟು ಹೊತ್ತಿರುವಾಗಲೇ ಪೆನ್ನಿಗೆ ಮುಚ್ಚಳ ಹಾಕಿ ಕಿಟಕಿಯಾಚೆ ನೋಡುತ್ತ ಕೂತಿದ್ದಳು. ಹತ್ತಿರ ಹೋಗಿ ನೋಡಿದರೆ, ಉತ್ತರ ಗೊತ್ತಿರುವ ಪ್ರಶ್ನೆಗಳನ್ನೇ ಬಿಟ್ಟಿದ್ದಾಳೆ. ಹಿಂದಿನ ವಾರವಷ್ಟೇ ತರಗತಿಯಲ್ಲಿ ಎದ್ದು ನಿಂತು ಹೇಳಿದ್ದ ಉತ್ತರಗಳು.

ಆ ಶನಿವಾರ ಅವಳನ್ನು ಕೊನೆಗೆ ಕರೆದರು. ಬೇರೆ ಮಕ್ಕಳು ಹೊರಟು ಹೋಗಲಿ ಎಂದು.

"ನಿಂಗೆ ಮರೆತು ಹೋಗಿರ್ಲಿಲ್ಲ. ಅಲ್ವಾ ಇಂಪನಾ?"

ಹುಡುಗಿ ಲಂಗದ ಅಂಚು ಹಿಂಡುತ್ತ ಕೂತಳು. ಬೈಗುಳ ಬರಬಹುದೆಂದು ಕಾದು, ಬರದಿದ್ದಾಗ ಮಾತಾಡಿದಳು. "ಜಾಸ್ತಿ ನಂಬರ್ ಬಂದ್ರೆ ಮಂಗಳೂರ್ ಕಡೆ ಹಾಸ್ಟೆಲ್ಗೆ ಹಾಕ್ತಾರೆ ಮೇಡಂ. ಡಾಕ್ಟ್ರು ಮಾಡ್ತೀನಿ ಅಂತ ನಮ್ಮಪ್ಪ ಎಲ್ರ ಮುಂದೆನೂ ಹೇಳ್ಬುಟ್ಟವ್ರೆ. ನಮ್ ದೊಡ್ಡಪ್ಪನ ಮಗಳು ಹಂಗೇ ಹೋಗಿ, ಊಟ ನಿದ್ದೆ ಬುಟ್ಟು, ಅರ್ಧದಲ್ಲೇ ವಾಪಸ್ ಬಂದ್ಲು. ಇವಾಗ್ಲೂ ಸರಿಯಾಗಿ ಮಾತಾಡಲ್ಲ."

"ಫೇಲಾದ್ರೆ?"

"ಮನೇಲಿ ಇರ್ತೀನಿ."

ಇಷ್ಟು ಓದುವ ಹುಡುಗಿ ತನ್ನ ಬಾಗಿಲನ್ನು ತಾನೇ ಮುಚ್ಚಿಕೊಳ್ಳುತ್ತಿದ್ದಾಳೆ. ಆದರೂ ಲಕ್ಷ್ಮಿದೇವಮ್ಮ ಉಪದೇಶಕ್ಕೆ ಇಳಿಯಲಿಲ್ಲ. ಏನು ಬೇಡ ಎಂಬುದು ಗೊತ್ತಾಯಿತು, ಏನು ಬೇಕು ಎಂದು ಕೇಳಿದರು. ಅದನ್ನು ಹುಡುಗಿ ಯೋಚಿಸಿಯೇ ಇರಲಿಲ್ಲ. ಭಯವೇ ಅಷ್ಟು ಜಾಗ ಹಿಡಿದಿತ್ತು. ಎರಡು ಶನಿವಾರ ಸುಮ್ಮನೆ ಮಾತಿನಲ್ಲೇ ಹೋದವು. ಯಾವ ಪಾಠಕ್ಕೆ ಕೂತಾಗ ಹೊತ್ತು ಹೋದದ್ದು ತಿಳಿಯುವುದಿಲ್ಲ, ಯಾವ ಕೆಲಸಕ್ಕೆ ಯಾರೂ ಹೇಳದೆ ಕೈ ಹೋಗುತ್ತದೆ ಎಂದೆಲ್ಲ. ಮೂರನೆಯ ಸಲ ಇಂಪನಾ ತಾನಾಗಿಯೇ ಹೇಳಿದಳು: ಊರಿನಲ್ಲಿ ನೀರಿನ ಟ್ಯಾಂಕ್ ಕಟ್ಟುವಾಗ ದಿನಾ ಸಂಜೆ ಹೋಗಿ ನಿಂತು ನೋಡುತ್ತಿದ್ದಳಂತೆ. ಮನೆಗೆ ಬಂದು ಅದರ ಚಿತ್ರ ಬರೆಯುತ್ತಿದ್ದಳಂತೆ, ಒಳಗಿನ ಕಂಬಿ ಸಮೇತ.

"ಸಿವಿಲ್ ಡಿಪ್ಲೊಮಾ ಅಂತ ಇದೆ. ಪಾಲಿಟೆಕ್ನಿಕ್‌ನಲ್ಲಿ. ಮನೆಯಿಂದಲೇ ಬಸ್ಸಲ್ಲಿ ಹೋಗಿ ಬರಬಹುದು" ಎಂದರು ಲಕ್ಷ್ಮಿದೇವಮ್ಮ. "ಆದ್ರೆ ಅದಕ್ಕೂ ನಂಬರ್ ಬೇಕು ಕಣೇ."

ಇಂಪನಾ ಮೊದಲ ಸಲ ಕುರ್ಚಿಗೆ ಬೆನ್ನು ಕೊಟ್ಟು ಕೂತಳು. ಆದರೆ ಅಪ್ಪನಿಗೆ ಹೇಳುವವರು ಯಾರು? "ನೀವು ಪಕ್ಕದಲ್ಲಿರಿ ಮೇಡಂ. ನಾನೇ ಹೇಳ್ತೀನಿ" ಎಂದಳು.

ಭಾನುವಾರ ಲಕ್ಷ್ಮಿದೇವಮ್ಮ ಇಂಪನಾಳ ತೋಟದ ಮನೆಗೆ ಹೋದರು. ಕಾಡಸಿದ್ದಪ್ಪ ಆಳುಗಳ ಜತೆ ಕಾಯಿ ಸುಲಿಸುತ್ತಿದ್ದರು. ಗಡಸು ಗಂಟಲಿನ ಮನುಷ್ಯ. ಅವರು ಬನ್ನಿ ಎಂದರೂ ಗದರಿದ ಹಾಗೆ ಕೇಳುತ್ತಿತ್ತು. ಎಳನೀರು ಬಂತು. ಊರ ಮಾತೆಲ್ಲ ಆಯಿತು. ಇಂಪನಾಳ ಬಾಯಿ ಮಾತ್ರ ಬಿಚ್ಚಲಿಲ್ಲ. ಲಕ್ಷ್ಮಿದೇವಮ್ಮ ತಾವೇ ಹೇಳಿಬಿಡಲೇ ಎಂದು ಎರಡು ಸಲ ಗಂಟಲು ಸರಿಮಾಡಿಕೊಂಡು, ಎರಡು ಸಲವೂ ತಡೆದುಕೊಂಡರು. ಕಡೆಗೆ ಹುಡುಗಿ ಅಪ್ಪನ ಮುಖ ನೋಡಲಾರದೆ ತಾಯಿ ಸಿದ್ದಗಂಗಮ್ಮನ ಕಡೆ ತಿರುಗಿ ಎಲ್ಲವನ್ನೂ ಹೇಳಿದಳು. ಬೇಕೆಂದೇ ಉತ್ತರ ಬಿಟ್ಟದ್ದನ್ನೂ.

ಕಾಡಸಿದ್ದಪ್ಪ ಸುಲಿಯುವುದನ್ನು ನಿಲ್ಲಿಸಲು ಆಳುಗಳಿಗೆ ಕೈಸನ್ನೆ ಮಾಡಿದರು. ಸಿಪ್ಪೆಯ ರಾಶಿಯ ಪಕ್ಕದ ಕಲ್ಲಿನ ಮೇಲೆ ಕೂತು ಟವಲಿನಲ್ಲಿ ಮುಖ ಒರೆಸಿಕೊಂಡರು. ಲಕ್ಷ್ಮಿದೇವಮ್ಮ ಸಿಡಿಲು ಬೀಳುವುದನ್ನೇ ಕಾಯುತ್ತಿದ್ದರು.

"ಇದನ್ನ ಮೊದ್ಲೇ ಹೇಳಕ್ಕಾಗ್ಲಿಲ್ವೇನವ್ವ?" ಎಂದರು ಆತ. ಗಂಟಲು ಮೆತ್ತಗಾಗಿತ್ತು. "ಅಣ್ಣನ ಮನೆ ಗೃಹಪ್ರವೇಶದಲ್ಲಿ ಯಾರೋ, ಒಬ್ಳೇ ಮಗ್ಳು, ಓದ್ಸಿ ಏನ್ ಮಾಡ್ತೀಯ ಅಂದ್ರು ಕಣ್ರೀ ಮೇಡಂ. ಉರ್ದೋಯ್ತು. ಡಾಕ್ಟ್ರು ಮಾಡ್ತೀನಿ ಅಂದ್ಬುಟ್ಟೆ. ಇವ್ಳೂ ಸುಮ್ನಿದ್ಲು, ಆಸೆ ಇರ್ಬೇಕು ಅನ್ಕಂಡೆ. ಅವತ್ತಿಂದ ಇವ್ಳನ್ನ ಬುಟ್ಟು ಹೆಂಗಪ್ಪ ಇರೋದು ಅಂತ ನಂಗೇ ಸಂಕ್ಟ."

"ಇವ್ರಿಗೆ ಅನ್ನ ಸೇರ್ತಿರ್ಲಿಲ್ಲ" ಎಂದು ಸಿದ್ದಗಂಗಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕರು. "ನಾನು ಗ್ಯಾಸ್ಟಿಕ್ಕು ಅನ್ಕಂಡಿದ್ದೆ."

ಎಲ್ಲರೂ ನಕ್ಕರು. ಇಂಪನಾ ಮಾತ್ರ ಅತ್ತಳು. ಅಷ್ಟು ದಿನ ಕಟ್ಟಿಟ್ಟಿದ್ದೆಲ್ಲ ಆಗ ಹೊರಗೆ ಬಂತು.

ಆಮೇಲಿನ ತಿಂಗಳುಗಳು ಸಲೀಸಾಗೇನೂ ಹೋಗಲಿಲ್ಲ. ಬಿಟ್ಟ ಅಭ್ಯಾಸ ಹಿಡಿಯಲು ಹುಡುಗಿಗೆ ಕಷ್ಟವಾಯಿತು. ಗಣಿತದಲ್ಲಿ ನಿಜವಾಗಿಯೇ ಹಿಂದೆ ಬಿದ್ದಿದ್ದಳು. ದೊಡ್ಡಪ್ಪ ಬಂದು, ಗಾರೆ ಕೆಲಸಕ್ಕೆ ಹೆಣ್ಣು ಮಗುವೇ ಎಂದು ಹಂಗಿಸಿ ಹೋದರು. "ಅವ್ಳು ಕಟ್ಟುಸ್ತಾಳೆ, ನೀನು ಬಂದು ನೋಡು" ಎಂದು ಕಾಡಸಿದ್ದಪ್ಪ ಹೇಳಿ ಕಳಿಸಿದರಂತೆ. ವಾರ್ಷಿಕ ಪರೀಕ್ಷೆಯಲ್ಲಿ ಇಂಪನಾ ಕೊನೆಯ ಗಂಟೆ ಹೊಡೆಯುವ ತನಕ ಬರೆದಳು.

ಮೇ ತಿಂಗಳಲ್ಲಿ ಫಲಿತಾಂಶ ಬಂತು. ಇಂಪನಾಳಿಗೆ ಪ್ರಥಮ ದರ್ಜೆ. ಆತಿಫ್ ಕೂಡ ಪಾಸಾಗಿದ್ದ, ಇಂಗ್ಲಿಷಿನಲ್ಲೂ. ಆ ಮಳೆಗಾಲದಲ್ಲಿ ಇಂಪನಾ ಪಾಲಿಟೆಕ್ನಿಕ್ ಸೇರಿ, ದಿನಾ ಸಂಜೆ ಮನೆಗೆ ಬಂದು ಅಪ್ಪನ ಜತೆ ಕೂತು ಉಂಡಳು.

ಫಲಿತಾಂಶದ ದಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ ಲಕ್ಷ್ಮಿದೇವಮ್ಮನವರಿಗೆ ಹೆಗಲಿಂದ ಏನೋ ಇಳಿದ ಹಾಗಾಗಿ, ಬಸ್ಸು ಊರು ದಾಟುವ ಮೊದಲೇ ನಿದ್ದೆ ಹತ್ತಿತು. ತಿಪಟೂರಿನಲ್ಲಿ ಎಲ್ಲರೂ ಇಳಿದ ಮೇಲೆ ಕಂಡಕ್ಟರು, "ಮೇಡಮ್ಮೋರೆ, ಊರು ಬಂತು" ಎಂದು ಎಬ್ಬಿಸಬೇಕಾಯಿತು.