ನಾಳೆ ಕಲಿಸ್ತೆ, ಆಯಿ

ಮೂವತ್ತರ ದಶಕದಲ್ಲಿ ಏಳನೆಯ ತರಗತಿಯ ಮುಲ್ಕಿ ಪರೀಕ್ಷೆಗೆ ಕೊನೆಯ ಹದಿನೈದು ದಿನ ಮಾತ್ರ ಓದಿ ಪಾಸಾದವನು ನಾನು. ಅದೇ ನನ್ನನ್ನು ಕೆಡಿಸಿತು. ಸಿದ್ದಾಪುರದಲ್ಲಿ ಮಾಸ್ತರನಾದ ಮೇಲೂ ಚಾಳಿ ಬಿಡಲಿಲ್ಲ. ವರ್ಷವಿಡೀ ಮುಂದೂಡಿದ ಪಾಠವನ್ನೆಲ್ಲ ಇನ್ಸ್‌ಪೆಕ್ಟರ್ ಸಾಹೇಬರು ಬರುವ ಹಿಂದಿನ ವಾರ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದೆ. ಸಾಹೇಬರು ಪ್ರತಿಸಲವೂ ಶಾಲೆಯ ಪುಸ್ತಕದಲ್ಲಿ ಒಳ್ಳೆಯ ಶೆರಾ ಬರೆದು ಹೋಗುತ್ತಿದ್ದರು. ಆ ವಾರ ಮಾತ್ರ ನಾನು ಬೆಳಗಾಗುತ್ತಲೇ ಶಾಲೆಗೆ ಓಡುವುದನ್ನು ನನ್ನ ತಾಯಿ, ಆಯಿ, ನೋಡುತ್ತಿದ್ದಳು.

ಅವಳು ನನ್ನಲ್ಲಿ ಕೇಳಿದ್ದು ಒಂದೇ. "ತಮಾ, ಯನ್ನ ಹೆಸರು ಬರೆಯಲೆ ಕಲಿಸ್ತ್ಯ?" ಶಾಲೆಯ ಹೊಸ ಮಕ್ಕಳು ತಿದ್ದುವ ಹಾಗೆ ತಾನೂ ಬೆರಳಿನಿಂದ ತಿದ್ದಬೇಕೆಂದು ಮಣೆಯ ಮೇಲೆ ಮರಳು ಹರಡಿಕೊಂಡು ಕೂರುತ್ತಿದ್ದಳು. "ನಾಳೆ ಕಲಿಸ್ತೆ, ಆಯಿ" ಎನ್ನುತ್ತಿದ್ದೆ. ಮೂರಕ್ಷರದ ಹೆಸರು, ನಾಲ್ಕು ದಿನದ ಕೆಲಸ. ನಾಲ್ಕು ವರ್ಷ ಹೋಯಿತು. ಆಮೇಲಾಮೇಲೆ ಅವಳು ಮಣೆ ತೆಗೆಯುವುದನ್ನೇ ಬಿಟ್ಟಳು. ನನಗೆ ಅದರಿಂದ ಹಗುರವೇ ಆಯಿತು, ನಾಚಿಕೆಗೇಡು.

ಅಪ್ಪ ತೀರಿಕೊಂಡ ಮೇಲೆ ಜಮೀನಿನ ಕಾಗದಕ್ಕೆ ಅವಳ ಸಹಿ ಬೇಕಾಯಿತು. ಕಚೇರಿಯಲ್ಲಿ ಕಾರಕೂನರು, "ಮಾಸ್ತರ ತಾಯಿ ಅಂದಮೇಲೆ ಸಹಿ ಬರ್ತದಲ್ಲ?" ಎಂದು ಟಾಕನ್ನು ಮಸಿಗೆ ಅದ್ದಿ ಮುಂದೆ ಹಿಡಿದರು. ನಾನು ನೆಲ ನೋಡಿದೆ. ಆಯಿ ಹೆಬ್ಬೆರಳು ಚಾಚಿದಳು.

ಮನೆಗೆ ಬಂದವನೇ ಮಣೆ ಹುಡುಕಿ, ನಾನೇ ಮರಳು ಹರಡಿ ಕರೆದೆ. ಅವಳು ಹಿತ್ತಿಲ ಬಾಗಿಲಲ್ಲಿ ಕೂತು ಹುಣಸೆಹಣ್ಣು ಹಾಕಿ ಬೆರಳಿನ ಮಸಿ ತಿಕ್ಕುತ್ತಿದ್ದಳು.

"ಈಗ ಎಂತಕ್ಕೆ ತಮಾ?" ಎಂದಳು. "ನಾಳೆ ಇನ್ಸ್‌ಪೆಕ್ಟರ್ ಸಾಹೇಬರು ಬಪ್ಪದಿದ್ದಾ?"