ಬೀರಪ್ಪನವರ ಹಲ್ಲಿನ ಸಂದು

ದಂತವೈದ್ಯಕೀಯ ಪದವಿ ಪಡೆದ ಮೂರನೆಯ ವರ್ಷ ನಾನು ಮಾನ್ವಿಯ ಒಂದು ಖಾಸಗಿ ದಂತ ಚಿಕಿತ್ಸಾಲಯದಲ್ಲಿ ಕೆಲಸಕ್ಕಿದ್ದೆ. ಓದಿದ್ದು ರಾಯಚೂರಿನಲ್ಲಿ, ಹುಟ್ಟಿದ್ದು ದೇವದುರ್ಗ ತಾಲ್ಲೂಕಿನ ಕುರಿ ಕಾಯುವ ಮನೆಯಲ್ಲಿ. ಮನೆತನದಲ್ಲಿ ಪದವಿ ಪಡೆದ ಮೊದಲಿಗಳು ನಾನೇ. ಕುರಿಯ ಸಂಗತಿಯನ್ನು ಚಿಕಿತ್ಸಾಲಯದಲ್ಲಿ ಯಾರಿಗೂ ಹೇಳಿರಲಿಲ್ಲ. ರೋಗಿಗಳೊಡನೆ ಪುಸ್ತಕದ ಕನ್ನಡದಲ್ಲಿಯೇ ಮಾತನಾಡುತ್ತಿದ್ದೆ. ತಪ್ಪಾಗಿ ಬರೆಯಬಾರದೆಂದು ಅಂದಿನ ಕೇಸ್ ಶೀಟನ್ನು ಎದುರಿಗಿಟ್ಟುಕೊಂಡಿದ್ದೇನೆ. ರೋಗಿಯ ಮತ್ತು ಅವರ ಪತ್ನಿಯ ಹೆಸರುಗಳನ್ನು ಮಾತ್ರ ಬದಲಿಸಿದ್ದೇನೆ.

ಭತ್ತದ ಕೊಯ್ಲು ಮುಗಿದ ಮೇಲೆ ದೇವದುರ್ಗದ ಕಡೆಯ ಕುರಿಗಾರರು ತಮ್ಮ ಹಿಂಡುಗಳನ್ನು ಮಾನ್ವಿಯ ಕಾಲುವೆ ಸೀಮೆಗೆ ತಂದು ಹೊಲಗಳಲ್ಲಿ ನಿಲ್ಲಿಸುತ್ತಾರೆ. ಕುರಿಗೆ ಮೇವು, ಹೊಲಕ್ಕೆ ಗೊಬ್ಬರ. ಹಾಗೆ ಮಲ್ಲಟದ ಹತ್ತಿರ ಹಿಂಡು ನಿಲ್ಲಿಸಿದ್ದ ಬೀರಪ್ಪನವರು ಒಂದು ಬೆಳಿಗ್ಗೆ ಪತ್ನಿ ಮಾಳವ್ವನವರೊಂದಿಗೆ ಬಂದರು. ಟಗರು ಹಾಯ್ದು ಮೇಲಿನ ಎರಡು ಮುಂಬಲ್ಲುಗಳಲ್ಲಿ ಬಲಗಡೆಯದು ಅರ್ಧಕ್ಕೆ ಮುರಿದು, ಒಳಗಿನ ನರ ಕಾಣುತ್ತಿತ್ತು.

“ತಣ್ಣೀರು ತಾಕಿದಾಗ ತಮಗೆ ನೋವಾಗುತ್ತದೆಯೇ?” ಎಂದು ಕೇಳಿದೆ.

ಮಾಳವ್ವ ಸೆರಗಿನಲ್ಲಿ ನಕ್ಕರು. “ಡಾಕ್ಟ್ರವ್ವ ರೇಡಿಯೋದಾಗ ವಾರ್ತಾ ಓದಿದಂಗ ಕೇಳಾಕತ್ತಾಳ. ಹೇಳು, ಸುಮ್ನ ಕುಂತಿ.”

“ಗಾಳಿ ಬಡದ್ರೂ ನೋಯ್ತದ್ರೀ,” ಎಂದರು ಬೀರಪ್ಪ. “ಮೊದ್ಲ ಹೆಂಗಿತ್ತೋ ಹಂಗ ಮಾಡಿಕೊಡ್ರಿ, ಸಾಕು.”

“ಮೊದಲಿಗಿಂತ ಚೆನ್ನಾಗಿ ಮಾಡಿಕೊಡುತ್ತೇನೆ,” ಎಂದೆ.

ಅವರು ಊರೂರು ಅಲೆಯುವವರಾದ್ದರಿಂದ ಎಲ್ಲವನ್ನೂ ಒಂದೇ ದಿನ ಮುಗಿಸಲು ನಿರ್ಧರಿಸಿದೆ. ಇಂಜೆಕ್ಷನ್ ಕೊಟ್ಟು ಮೇಲ್ದುಟಿಯನ್ನು ಮರಗಟ್ಟಿಸಿ ರೂಟ್ ಕೆನಾಲ್ ಮಾಡಿದೆ. ಅಂದರೆ ಹಲ್ಲಿನೊಳಗಿನ ನರವನ್ನು ತೆಗೆದು ಆ ಜಾಗವನ್ನು ತುಂಬಿದೆ. ಮುರಿದ ಭಾಗವನ್ನು ಕಾಂಪೋಸಿಟ್‌ನಿಂದ ಕಟ್ಟಿದೆ. ಅದು ಹಲ್ಲಿನ ಬಣ್ಣದ ಮೆತ್ತನೆಯ ವಸ್ತು. ನೀಲಿ ಬೆಳಕು ಹಿಡಿದರೆ ಗಟ್ಟಿಯಾಗುತ್ತದೆ. ಎರಡು ಹಲ್ಲುಗಳ ನಡುವೆ ಹುಟ್ಟಿನಿಂದ ಸುಮಾರು ಎರಡು ಮಿಲಿಮೀಟರ್ ಸಂದು ಇತ್ತು. ನಾವು ಓದಿದ ದಂತಸೌಂದರ್ಯದ ಪಾಠದಲ್ಲಿ ಅದು ಮುಚ್ಚಬೇಕಾದ ದೋಷ. ಪಕ್ಕದ ಗಟ್ಟಿ ಹಲ್ಲಿಗೂ ಸ್ವಲ್ಪ ಕಾಂಪೋಸಿಟ್ ಸೇರಿಸಿ ಸಂದು ಮುಚ್ಚಿದೆ. ಬೀರಪ್ಪನವರನ್ನು ಕೇಳಲಿಲ್ಲ.

ಕನ್ನಡಿ ಕೊಟ್ಟಾಗ ಬೀರಪ್ಪ ಹಲ್ಲು ನೋಡಲಿಲ್ಲ. ತುಟಿ ಬಿಗಿದು ಊದಿದರು. ಎಂಜಲು ಹಾರಿತು.

“ತುಟಿ ನಂದಲ್ಲ ಅನ್ನಂಗ ಆಗ್ಯಾದ್ರೀ.”

“ಎರಡು ತಾಸಿನಲ್ಲಿ ಸರಿಹೋಗುತ್ತದೆ,” ಎಂದೆ. ಅವರು ಏಕೆ ಊದಿದರೆಂದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಹೊರಗೆ ಐವರು ಕಾಯುತ್ತಿದ್ದರು.

ಒಂಬತ್ತನೆಯ ದಿನ ಇಬ್ಬರೂ ಮತ್ತೆ ಬಂದರು. ಮಾತು ಮಾಳವ್ವನವರದೇ.

“ಸಿಳ್ಳಿ ಬರವಲ್ದು ಬೇ. ಇವನ ಸಿಳ್ಳಿಗೇ ಹಿಂಡು ತಿರುಗೋದು. ಬಾಯಿಲೆ ಎಷ್ಟು ಒದರಿದ್ರೂ ಕೇಳಲಿಲ್ಲ, ಕಾಲುವಿ ದಂಡಿಗೇ ನಡದ್ವು. ಎರಡು ಮರಿ ನೀರಿಗೆ ಬಿದ್ದು ಹೋದ್ವು.”

“ಡಾಕ್ಟ್ರದೇನು ತಪ್ಪದ?” ಎಂದರು ಬೀರಪ್ಪ. “ಹಲ್ಲು ಚಲೋ ಆಗ್ಯಾದ.”

ಆ ಗಳಿಗೆಯಲ್ಲಿ ನನಗೆ ಅಳು ಬರಲಿಲ್ಲ, ನಾಚಿಕೆಯೂ ಆಗಲಿಲ್ಲ. ಕೈಗವಸು ಹಾಕಿಕೊಂಡು ಕುರ್ಚಿಯ ದೀಪ ಹಚ್ಚಿದೆ. ನಮ್ಮಪ್ಪನ ಮುಂಬಲ್ಲುಗಳ ನಡುವೆಯೂ ಅಂಥದೇ ಸಂದು ಇತ್ತು. ಆ ಸಂದಿನಿಂದ ಹೊರಡುತ್ತಿದ್ದ ಅವರ ಸಿಳ್ಳಿಗೆ ನಮ್ಮ ಹಿಂಡು ತಿರುಗುವುದನ್ನು ಹತ್ತು ವರ್ಷ ನೋಡಿ ಬೆಳೆದವಳು ನಾನು. ಗೊತ್ತಿಲ್ಲದೆ ಮಾಡಿದ ತಪ್ಪೆಂದು ಹೇಳಿಕೊಳ್ಳುವ ದಾರಿ ನನಗಿರಲಿಲ್ಲ.

ಈ ಸಲ ಇಂಜೆಕ್ಷನ್ ಕೊಡಲಿಲ್ಲ. ಒಂದು ಹಲ್ಲಿನಲ್ಲಿ ನರವಿಲ್ಲ, ಇನ್ನೊಂದರಲ್ಲಿ ಸವೆಸಬೇಕಾದ್ದು ಕಾಂಪೋಸಿಟ್ ಮಾತ್ರ. ನೋವಿನ ಪ್ರಶ್ನೆಯೇ ಇರಲಿಲ್ಲ. ಅರ್ಧ ಮಿಲಿಮೀಟರಿನಷ್ಟು ಸವೆಸಿ, “ಊದಿ ನೋಡಿ,” ಎಂದೆ. ಬರೀ ಗಾಳಿ ಬಂತು.

“ಇದು ಕುರಿ ಕರಿಯೋದಲ್ಲ, ಚಾ ಆರಸೋದು,” ಎಂದರು ಮಾಳವ್ವ.

ಮತ್ತೆ ಸವೆಸಿದೆ, ಮತ್ತೆ ಊದಿದರು. ಮೂರನೆಯ ಸಲ ಸಿಳ್ಳು ಹೊರಟಿತು. ಹೊರಗೆ ಕುಳಿತವರು ಬಾಗಿಲಲ್ಲಿ ಇಣುಕಿದರು. ಬೀರಪ್ಪ ಕುರ್ಚಿಯಿಂದ ಏಳಲು ಹೋದರು.

“ಇನ್ನೊಂದೀಟ ಬೇಕ್ರಿ,” ಎಂದೆ. “ಇದು ಹಿಂಡು ಮುಂದ ಹೊಡಿಯೋ ಸಿಳ್ಳಿ. ತಿರುಗಸೋ ಸಿಳ್ಳಿ ಬರಬೇಕಲ್ಲ.”

ಇಬ್ಬರೂ ನನ್ನ ಮುಖ ನೋಡಿದರು.

“ಯವ್ವಾ, ನೀ ಯಾರ ಮಗಳು?” ಎಂದು ಕೇಳಿದರು ಬೀರಪ್ಪ.

ಅಪ್ಪನ ಹೆಸರು, ಊರಿನ ಹೆಸರು ಹೇಳಿದೆ. ಅವರು ತಲೆಯಾಡಿಸಿ ಮತ್ತೆ ಬಾಯಿ ತೆರೆದರು. ಐದನೆಯ ಸಲಕ್ಕೆ ಉದ್ದಕ್ಕೆ ಎದ್ದು ಕೊನೆಯಲ್ಲಿ ಬಾಗುವ ಆ ಸಿಳ್ಳು ಬಂತು. ಅಳೆದು ನೋಡಿದೆ: ಸಂದು ಎರಡು ಮಿಲಿಮೀಟರಿಗೆ ಕೂದಲೆಳೆಯಷ್ಟು ಕಡಿಮೆ. ಹಾಗೆಯೇ ಬರೆದುಕೊಂಡೆ. ಎರಡು ಮರಿಗಳ ಸಂಗತಿಯನ್ನು ಬರೆಯಲಿಲ್ಲ; ಕೇಸ್ ಶೀಟಿನಲ್ಲಿ ಅದಕ್ಕೆ ಜಾಗವಿರುವುದಿಲ್ಲ.

ಹಲ್ಲಿನ ಆಕಾರವನ್ನು ಪುಸ್ತಕ ಕಲಿಸುತ್ತದೆ. ಆ ಹಲ್ಲು ಯಾರ ಬಾಯಲ್ಲಿ ಯಾವ ಕೆಲಸ ಮಾಡುತ್ತಿದೆ ಎಂಬುದನ್ನು ರೋಗಿಯೇ ಹೇಳಬೇಕು. ಈಗ ಮುರಿದ ಹಲ್ಲು ಹಿಡಿದುಕೊಂಡು ಯಾರೇ ಬಂದರೂ, “ಈ ಹಲ್ಲಿಲೆ ಏನೇನ್ ಮಾಡ್ತೀರಿ?” ಎಂದು ಕೇಳುತ್ತೇನೆ. ಹೂ ಕಟ್ಟುವವರು ದಾರ ಕಡಿಯುತ್ತೇವೆ ಎನ್ನುತ್ತಾರೆ. ಕೆಲವರು ನಗುತ್ತಾರೆ. ಕೇಳುವುದನ್ನು ಇಂಜೆಕ್ಷನ್ ಕೊಡುವುದಕ್ಕಿಂತ ಮೊದಲೇ ಕೇಳುತ್ತೇನೆ. ಮರಗಟ್ಟಿದ ತುಟಿ ಯಾವುದಕ್ಕೂ ಬೇಡ ಎನ್ನುವುದಿಲ್ಲ.